ಲಿಂಗವಿಲ್ಲದ ಎರಡು ದಿನ

ನೀಲಗಂಗವ್ವನ ಮನೆಗೆ ಬೇಸಿಗೆ ಬರುತ್ತಿದ್ದದ್ದು ಪಂಚಾಂಗ ನೋಡಿ ಅಲ್ಲ, ಬಂಡಿಯ ಸದ್ದು ಕೇಳಿ. ಶಾಲೆಗೆ ಸೂಟಿ ಬಿಟ್ಟ ಮೂರನೆಯ ದಿನಕ್ಕೆ ಬಿಳಗಿಯಿಂದ ಹಿರಿಮಗಳು ಸಾವಿತ್ರವ್ವ ನಾಲ್ಕು ಮಕ್ಕಳ ಸಮೇತ ಬಂದಿಳಿಯುವಳು. ಐದನೆಯ ದಿನಕ್ಕೆ ಕಿರಿಮಗಳು ಪಾರ್ವತವ್ವ ಮೂರು ಮಕ್ಕಳೊಂದಿಗೆ. ಅವಳ ಗಂಡ ಇಡಗುಂದಿಯಲ್ಲಿ ಮಾಸ್ತರ. ಯಲ್ಲಾಪುರದಿಂದ ಶಿರಸಿಯವರೆಗೆ ಮೋಟಾರು, ದಾರಿಯುದ್ದಕ್ಕೂ ಮಕ್ಕಳ ವಾಂತಿ, ಅಲ್ಲಿಂದ ಮುಂದೆ ಬಂಡಿ. ಮನೆಯಲ್ಲಿ ಮೊದಲೇ ಮಗ ಮಧುಕೇಶ್ವರನ ಎರಡು ಮಕ್ಕಳು. ಒಟ್ಟು ಒಂಬತ್ತು ಮೊಮ್ಮಕ್ಕಳು ಬನವಾಸಿಯಿಂದ ಎರಡು ಮೈಲಿ ಈಚೆಗಿದ್ದ ಆ ಮನೆಯ ಹೆಂಚು ಹಾರಿಸಲು ಸಾಕಾಗುತ್ತಿದ್ದರು.

ಐವತ್ತಾರರ ನೀಲಗಂಗವ್ವ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಮಳೆಗಾಲಕ್ಕೆ ಖಾರದ ಪುಡಿ, ನಡುವೆ ಒಬ್ಬನ ಮೂಗು ಒರೆಸುವುದು, ಇನ್ನೊಬ್ಬಳ ಹೇನು ತೆಗೆಯುವುದು. ಎಲ್ಲರಿಗೂ ಬಡಿಸಿದ ಮೇಲೆ ಅವಳು ಯಾವಾಗ ಉಣ್ಣುತ್ತಾಳೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ ಅನ್ನಿ.

ಗಂಡ ಪರಮೇಶ್ವರಪ್ಪನ ಊಟ ಮಾತ್ರ ಊರಿಗೆಲ್ಲ ಗೊತ್ತು. ಆಚಾರದ ಮನುಷ್ಯ, ದೊಡ್ಡ ಗಂಟಲು. ಯಾರು ಯಾರ ಕೈಯ ನೀರು ಕುಡಿಯಬೇಕು, ಯಾವ ಹೊತ್ತಿನಲ್ಲಿ ಲಿಂಗಪೂಜೆ ಆಗಬೇಕು ಎಂಬುದನ್ನೆಲ್ಲ ಜಗಲಿಯ ಮೇಲೆ ಕೂತು ತೀರ್ಪು ಕೊಡುವವನು. ಅವನು ಹೇಳುತ್ತಿದ್ದ ಕತೆಯೊಂದಿತ್ತು. ಒಬ್ಬ ಹೆಣ್ಣುಮಗಳು ಹೊಳೆಯಲ್ಲಿ ಸ್ನಾನ ಮಾಡುವಾಗ ಕೊರಳಿನ ಇಷ್ಟಲಿಂಗ ಕಳೆದುಕೊಂಡಳಂತೆ. ಪ್ರಾಣಲಿಂಗ ಹೋದ ಮೇಲೆ ಪ್ರಾಣ ಯಾಕೆಂದು ಅನ್ನ ನೀರು ಬಿಟ್ಟಳಂತೆ. ಏಳನೆಯ ದಿನಕ್ಕೆ ಸತ್ತಳಂತೆ. "ಅಕಿ ಶರಣಿ! ಲಿಂಗ ಇಲ್ಲದಾಕಿ ಭವಿ. ಅಕಿ ಕೈಯಾಗಿನ ನೀರು ಕುಡದವ್ರಿಗೂ ಒಳ್ಳೇದಾಗಂಗಿಲ್ಲ" ಎಂದು ಪರಮೇಶ್ವರಪ್ಪ ಮುಗಿಸುತ್ತಿದ್ದ. ಮದುವೆಯಾಗಿ ಬಂದ ವರ್ಷ ನೀಲಗಂಗವ್ವ ಇದನ್ನು ಕೇಳಿದ್ದಳು. ಆಗ ಅವಳಿಗೆ ಹದಿನಾಲ್ಕು. ಆ ರಾತ್ರಿ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿದ್ದಳು. ಆಮೇಲೆ ನಲವತ್ತೆರಡು ವರ್ಷ, ಯಾವಾಗ ಸ್ನಾನಕ್ಕೆ ಹೋದರೂ ಮೊದಲು ಕೈ ಹೋಗುತ್ತಿದ್ದದ್ದು ಕೊರಳಿಗೆ.

ಮೂವತ್ತೈದನೆಯ ಇಸವಿಯ ಬೇಸಿಗೆ. ಒಂದು ಬೆಳಿಗ್ಗೆ ಅವಳು ಮಿಂದು ದೇವರ ಮೂಲೆಯಲ್ಲಿ ಕೂತು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಹಚ್ಚಿ, ಪತ್ರಿ ಏರಿಸುತ್ತಿದ್ದಳು. ಅಷ್ಟರಲ್ಲಿ ಅಂಗಳದಲ್ಲಿ ಧಡಾರೆಂದು ಸದ್ದು, ಹಿಂದೆಯೇ ಕಿರುಚಾಟ. ಎತ್ತು ಬಿಚ್ಚಿದ ಬಂಡಿಯ ಹಿಂದೆ ನಾಲ್ವರು ಹತ್ತಿ, ಮುಂದಿನ ಮೂಕಿಯ ಮೇಲೆ ಇಬ್ಬರು ಹತ್ತಿ ಏತಪಾತ ಆಡುತ್ತಿದ್ದರು. ಮೂಕಿ ನೆಲಕ್ಕೆ ಬಡಿದು ಸಾವಿತ್ರವ್ವನ ಎರಡನೆಯ ಮಗನ ಗದ್ದ ಸೀಳಿತ್ತು. ಪೂಜೆಯ ನಡುವೆ ಏಳಬಾರದು. ರಕ್ತ ಕಂಡ ಅಜ್ಜಿಗೆ ಯಾವ ಬಾರದೂ ನೆನಪಿಗೆ ಬರಲಿಲ್ಲ. ಲಿಂಗವನ್ನು ಕೊರಳಿನ ವಸ್ತ್ರಕ್ಕೆ ಕಟ್ಟುವಷ್ಟು ಪುರಸೊತ್ತಿಲ್ಲದೆ ಸೆರಗಿನ ತುದಿಗೆ ಸುತ್ತಿ, ನಡುವಿಗೆ ಸಿಕ್ಕಿಸಿಕೊಂಡು ಓಡಿದಳು.

ಅರಿಸಿನ ತುಂಬಿ ಗದ್ದ ಕಟ್ಟಿದ್ದಾಯಿತು. ಅಷ್ಟರಲ್ಲಿ ಎಮ್ಮೆಗರು ಕಣ್ಣಿ ಹರಿದುಕೊಂಡು ತಾಯಿಯ ಹಾಲೆಲ್ಲ ಕುಡಿಯುತ್ತಿತ್ತು, ಅದನ್ನು ಎಳೆದು ಕಟ್ಟಿದ್ದಾಯಿತು. ಹಲಸಿನ ಹಪ್ಪಳಕ್ಕೆ ಹಿಟ್ಟು ಕುಟ್ಟಲು ಓಣಿಯ ಹೆಂಗಸರು ಬಂದರು, ಚಾಪೆ ಹಾಸಿದ್ದಾಯಿತು. ಬಿಸಿಲು ನೆತ್ತಿಗೆ ಬಂದಾಗ ಬೆವರು ಒರೆಸಲು ಸೆರಗು ಎಳೆದುಕೊಂಡಳು. ಸೆರಗಿನ ತುದಿ ಬಿಚ್ಚಿಕೊಂಡಿತ್ತು. ಒಳಗೆ ಏನೂ ಇರಲಿಲ್ಲ.

ಕೊರಳಿಗೆ ಕೈ ಹಾಕಿದಳು, ಶಿವದಾರವಿತ್ತು, ವಸ್ತ್ರ ಬರಿದಾಗಿತ್ತು. ನಡು ತಡವಿದಳು. ಸೀರೆಯ ನಿರಿಗೆ ಬಿಚ್ಚಿ ಕೊಡವಿದಳು. ಯಾರಾದರೂ ನೋಡಿದರೋ ಎಂದು ಮೊದಲು ಸೆರಗನ್ನು ಕೊರಳ ಸುತ್ತ ಬಿಗಿಯಾಗಿ ಹೊದ್ದಳು.

ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಹೆಣ್ಣುಮಕ್ಕಳು ಎದೆ ಬಡಿದುಕೊಂಡು ಅಳುತ್ತಾರೆ, ಮಕ್ಕಳನ್ನು ಕರಕೊಂಡು ಹೊರಡಲು ಬಂಡಿ ಕಟ್ಟಿಸುತ್ತಾರೆ. ಗಂಡ ಜಗಲಿಯಿಂದ ಎದ್ದು ಬರುತ್ತಾನೆ. ಏಳು ದಿನದ ಕತೆ ಈ ಮನೆಯಲ್ಲೇ ನಡೆಯುತ್ತದೆ, ಒಂಬತ್ತು ಮಕ್ಕಳ ಕಣ್ಣೆದುರಿಗೆ. ಮೊದಲು ಹುಡುಕುತ್ತೇನೆ, ಸಿಕ್ಕರೆ ಯಾರಿಗೂ ತಿಳಿಯುವುದೇ ಇಲ್ಲ ಎಂದುಕೊಂಡಳು.

"ಮೂಗುಬೊಟ್ಟಿನ ತಿರುಪು ಬಿದ್ದೈತಿ" ಎಂದು ಸುಳ್ಳು ಹೇಳಿ ಅಂಗಳದಲ್ಲಿ ಬಗ್ಗಿದಳು. ಅದೇ ತಪ್ಪಾಯಿತು. ಒಂಬತ್ತೂ ಮಕ್ಕಳು ತಿರುಪು ಹುಡುಕಲು ನೆಲಕ್ಕೆ ಬಿದ್ದರು. ಇವರಲ್ಲೊಬ್ಬರ ಕೈಗೆ ಲಿಂಗವೇ ಸಿಕ್ಕರೆ? "ಅಜ್ಜಿ ಲಿಂಗ ಸಿಕ್ತು!" ಎಂಬ ಕೂಗು ಬನವಾಸಿಗೇ ಕೇಳೀತು. ತಿರುಪು ಸಿಕ್ಕಿತೆಂದು ಇನ್ನೊಂದು ಸುಳ್ಳು ಹೇಳಿ ಅವರನ್ನು ಎಬ್ಬಿಸಿದಳು. ಒಂದು ಸುಳ್ಳು ಹೇಳಿದವರಿಗೆ ಎರಡನೆಯದು ತಾನಾಗಿಯೇ ಬಾಯಿಗೆ ಬರುತ್ತದೆ.

ಮಕ್ಕಳು ಅತ್ತ ಹೋದ ಮೇಲೆ ಕೊಟ್ಟಿಗೆ, ಗೊಂತು, ತಿಪ್ಪೆ, ಬೂದಿಗುಂಡಿ, ಹಪ್ಪಳದ ಚಾಪೆಯ ಕೆಳಗೆ, ಎಲ್ಲ ಹುಡುಕಿದಳು. ಸಗಣಿಯಲ್ಲಿ ಬೆರಳಾಡಿಸುವಾಗ ಕಣ್ಣಲ್ಲಿ ನೀರು ಬಂತು. ಸಗಣಿಯಲ್ಲೇ ಸಿಕ್ಕಿದ್ದರೂ ಅವಳು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಸಿಗಲಿಲ್ಲ.

ಬಾಯಾರಿಕೆ ಆಗುತ್ತಿತ್ತು. ಚರಿಗೆ ಎತ್ತಿದವಳು ಹಾಗೇ ಕೆಳಗಿಟ್ಟಳು.

ಅಡಿಗೆಮನೆಯ ಹೊಸ್ತಿಲಲ್ಲಿ ಇನ್ನೊಂದು ಹೆದರಿಕೆ ಕಾದಿತ್ತು. ಭವಿಯಾದವಳು ಒಲೆ ಮುಟ್ಟಿದರೆ ಈ ಮಕ್ಕಳಿಗೆ ಏನಾಗುತ್ತದೆ? "ಸೊಂಟ ಹಿಡದೈತಿ, ಇವತ್ತ ನೀವ ಮಾಡ್ರಿ" ಎಂದು ಹೆಣ್ಣುಮಕ್ಕಳಿಬ್ಬರನ್ನು ಒಳಗೆ ಕಳಿಸಿದಳು. ಊಟಕ್ಕೆ ಕೂತ ಪರಮೇಶ್ವರಪ್ಪ ಎಂದಿನಂತೆ "ನೀರು!" ಎಂದ. ಅವಳು ಬಾಗಿಲ ಮರೆಯಲ್ಲೇ ನಿಂತು ಸೊಸೆಗೆ ಕಣ್ಸನ್ನೆ ಮಾಡಿದಳು. ಗಂಡ ತಲೆಯೆತ್ತಿ ನೋಡಿದ. ಅವನಿಗೆ ಗೊತ್ತಾಗಿಯೇ ಹೋಯಿತೆಂದು ಅವಳು ಸೆರಗನ್ನು ಕೊರಳಿಗೆ ಇನ್ನಷ್ಟು ಬಿಗಿದಳು. ಅವನು ಪಲ್ಯದ ಕಡೆಗೆ ನೋಡಿದ್ದನಷ್ಟೆ.

ಸಂಜೆ ಕೈತುತ್ತಿನ ಹೊತ್ತು. ಮೊಸರನ್ನ ಕಲಸಿದ ದೊಡ್ಡ ಪಾತ್ರೆ ನಡುವೆ ಇಟ್ಟುಕೊಂಡು ಅಜ್ಜಿ ಕೂತರೆ ಒಂಬತ್ತು ಮಕ್ಕಳು ಸುತ್ತ ಅಂಗೈ ಒಡ್ಡಿ ಕೂರುತ್ತಿದ್ದರು. ಆ ದಿನ ಸಾವಿತ್ರವ್ವ ಕೂತಳು. "ದೊಡ್ಡವ್ವನ ತುತ್ತು ಸಣ್ಣದು" ಎಂದು ಒಬ್ಬ ತಕರಾರು ತೆಗೆದ, ಇನ್ನೊಬ್ಬ ಉಪ್ಪಿಲ್ಲ ಅಂದ. ಗೊಣಗುತ್ತಲೇ ಎಲ್ಲರೂ ಉಂಡರು. ಪಾರ್ವತವ್ವನ ಕೊನೆಯ ಕೂಸು, ಮೂರು ವರ್ಷದ ಚೆನ್ನಿ, ಬಾಯಿ ಬಿಗಿ ಹಿಡಿದಳು. ಹೊಡೆದರೂ ತೆರೆಯಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಬಂದು ಅಜ್ಜಿಯ ಸೆರಗು ಜಗ್ಗಿದಳು.

"ನಿನ್ನ ಕೈಲೆ."

"ಬ್ಯಾಡ ನನ್ನವ್ವಾ, ಅಜ್ಜಿ ಕೈ ನೋಯ್ತೈತಿ."

"ನಿನ್ನ ಕೈಲೆ!" ಚೆನ್ನಿಯ ಕೆಳತುಟಿ ಮುಂದೆ ಬಂತು.

ಉಪವಾಸ ಮಲಗುವ ಕೂಸನ್ನು ಯಾವ ಅಜ್ಜಿ ನೋಡಿಯಾಳು? ಶಿವಾ ಎಂದು ಕಣ್ಣು ಮುಚ್ಚಿ ಒಂದು ತುತ್ತು ಇಟ್ಟಳು. ಒಂದೇ ಒಂದು. ಇಟ್ಟ ಕೈಯನ್ನು ಮೂರು ಸಲ ತೊಳೆದಳು.

ಬೆಳಗಾಗುವಷ್ಟರಲ್ಲಿ ಚೆನ್ನಿಗೆ ಮೈ ಕಾದ ಹಂಚಾಗಿತ್ತು. ಎರಡು ಸಲ ವಾಂತಿ ಆಯಿತು. ಪಾರ್ವತವ್ವ ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. "ಘಾಟು ಬರಲಿಲ್ಲ, ನೋಡು ಯವ್ವಾ, ದೊಡ್ಡ ದೃಷ್ಟಿನ ತಗಲೈತಿ" ಎಂದು ಬಂದು ಹೇಳಿದಾಗ ನೀಲಗಂಗವ್ವ ತನ್ನ ಬಲಗೈ ನೋಡಿಕೊಂಡಳು. ಯಾರ ದೃಷ್ಟಿಯೂ ಅಲ್ಲ. ತನ್ನ ಕೈ. ಭವಿಯ ಕೈಯ ತುತ್ತು.

ಇಷ್ಟು ಹೊತ್ತು ಅವಳು ಹೆದರಿದ್ದು ತನ್ನ ಸಾವಿಗೆ. ಅದು ಈಗ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಐವತ್ತಾರು ವರ್ಷ ಬದುಕಿದ್ದಾಯಿತು, ಹೋದರೆ ಹೋಗಲಿ. ಆ ಕೂಸು ಏನು ತಪ್ಪು ಮಾಡಿತ್ತು? ಚಾಪೆಯ ಮೇಲೆ ಚೆನ್ನಿ ಕಣ್ಣು ಅರ್ಧ ತೆರೆದು ಮಲಗಿದ್ದಳು. ಹತ್ತಿರ ಹೋಗಲೂ ಹೆದರಿ ಅಜ್ಜಿ ಬಾಗಿಲಲ್ಲೇ ನಿಂತಳು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಎರಡನೆಯ ದಿನದ ಬಿಸಿಲು, ಒಂದು ಹನಿ ನೀರಿಲ್ಲ. ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದಳು. ಹೇಳದಿದ್ದರೆ ಕೂಸು ಉಳಿಯುವುದಿಲ್ಲ ಎಂದು ಮನಸ್ಸು ಒಂದೇ ಸಮ ಹೇಳುತ್ತಿತ್ತು.

ಮಧ್ಯಾಹ್ನ ಜಗಲಿಯಲ್ಲಿ ಪರಮೇಶ್ವರಪ್ಪ ಒಬ್ಬನೇ ಕೂತು ಹಗ್ಗ ಹೊಸೆಯುತ್ತ ಊಟದ ಕರೆಗೆ ಕಾಯುತ್ತಿದ್ದ. ಅವಳು ಹೋಗಿ ಕಂಬದ ಬುಡದಲ್ಲಿ ಕುಸಿದಳು. ಹೆಂಡತಿ ತನ್ನೆದುರು ಕೂತದ್ದನ್ನು ಅವನು ನೋಡಿದ್ದು ಅದೇ ಮೊದಲಿರಬೇಕು, ಹಗ್ಗ ಕೈಬಿಟ್ಟ.

"ನನ್ನ ಲಿಂಗ ಹೋತ್ರಿ" ಎಂದಳು. "ನಿನ್ನೆ ಮುಂಜಾನೆ. ಎಲ್ಲಾ ಕಡೆ ಹುಡುಕೀನಿ. ನಾ ಅನ್ನ ನೀರು ಬಿಟ್ಟೀನಿ, ಅದು ಇರ್ಲಿ. ಆದ್ರ ಕೂಸಿಗೆ ಒಂದು ತುತ್ತು ಇಟ್ನಿ. ನಂದ ತಪ್ಪು. ಅದನ್ನ ಉಳಿಸ್ರಿ."

ಕಣ್ಣು ಮುಚ್ಚಿ ಕಾದಳು. ಆ ದೊಡ್ಡ ಗಂಟಲು ಒಡೆದು ಊರು ಕೂಡಲಿ ಎಂದು ಕಾದಳು. ಏನೂ ಕೇಳಲಿಲ್ಲ. ಕಣ್ಣು ತೆರೆದಾಗ ಪರಮೇಶ್ವರಪ್ಪ ಒಳಬಾಗಿಲ ಕಡೆ ನೋಡುತ್ತಿದ್ದ.

"ಮೆಲ್ಲಕ ಮಾತಾಡು" ಎಂದ. ಇನ್ನೊಮ್ಮೆ ಬಾಗಿಲ ಕಡೆ ನೋಡಿದ. "ನಂದೂ ಒಮ್ಮಿ ಹೋಗಿತ್ತು."

ಅವಳಿಗೆ ಅರ್ಥವಾಗಲಿಲ್ಲ.

"ಹನ್ನೊಂದು ವರ್ಷ ಆತು. ವರದಾ ಹೊಳಿ ದಾಟೂ ಮುಂದ ದಾರ ಹರೀತು. ಮಠಕ್ಕ ಹೋದ್ನಿ. ಅಯ್ಯನೋರು ನಾಳೆ ಬಾ, ಹೊಸಾದು ಕಟ್ತೀನಿ ಅಂದ್ರು. ಕಟ್ಟಿದ್ರು. ಅಷ್ಟ."

"ಆ ಒಂದು ದಿನ?"

"ಯಾವ ದಿನ?"

"ನಾಳೆ ಬಾ ಅಂದ್ರಲ್ಲ, ಆ ದಿನ. ಅನ್ನ ಬಿಟ್ಟಿರೇನು?"

ಪರಮೇಶ್ವರಪ್ಪ ಹಗ್ಗ ಎತ್ತಿಕೊಂಡ, ಕೆಳಗಿಟ್ಟ. "ಮನಿಗೆ ಬಂದ್ರ ನೀ ಹೋಳಿಗಿ ಮಾಡಿದ್ದಿ. ಬ್ಯಾಡ ಅಂದ್ರ ಯಾಕ ಅಂತ ಕೇಳ್ತಿದ್ದಿ..."

ಅವಳಿಗೆ ಆ ಹೋಳಿಗೆ ನೆನಪಾಯಿತು. ಆ ದಿನ ಅವನು ಏಳು ತಿಂದಿದ್ದ. ಹೊಳೆ ದಾಟಿ ದಣಿದಿದ್ದಾನೆಂದು ಅವಳೇ ತುಪ್ಪ ಹೆಚ್ಚು ಹಾಕಿದ್ದಳು.

"ಆಮ್ಯಾಲ ಯಾರಿಗೆ ಏನಾತು?"

"ಯಾರಿಗೂ ಏನೂ ಆಗಲಿಲ್ಲಲ್ಲ. ಕೂಸು ನಿನ್ನೆ ಮಾವಿನಕಾಯಿ ತಿನ್ನಾಕ ಹತ್ತಿತ್ತು. ನಾ ನೋಡೀನಿ. ಜ್ವರ ಅದರದು."

"ಏಳ ದಿನಕ್ಕ ಸತ್ತಳಲ್ರೀ, ಆ ಹೆಣ್ಣಮಗಳು? ಅಕಿ ಯಾರು?"

"ನಮ್ಮಪ್ಪ ಹೇಳ್ತಿದ್ದ. ಅಕಿ ಹೆಸರು ಅವನಿಗೂ ಗೊತ್ತಿರಲಿಲ್ಲ."

ನೀಲಗಂಗವ್ವ ಅವನ ಮುಖವನ್ನೇ ನೋಡಿದಳು. ನಲವತ್ತೆರಡು ವರ್ಷದಲ್ಲಿ ಅಷ್ಟು ಹೊತ್ತು ಅವಳು ಆ ಮುಖವನ್ನು ನೋಡಿರಲಿಲ್ಲ. ಸಿಟ್ಟು ಬಂತು. ಗಂಡನ ಮೇಲೆ ಸಿಟ್ಟು ಬರಬಹುದೆಂಬುದೇ ಅವಳಿಗೆ ಹೊಸದು.

"ಏಳ್ರಿ. ಮಠಕ್ಕ ಹೋಗಿ ಅಯ್ಯನೋರನ್ನ ಕರಕೊಂಡ ಬರ್ರಿ."

"ಹೋಗ್ತೀನಿ. ಎರಡು ರೊಟ್ಟಿ ತಿಂದು..."

"ತಿನ್ನಂಗಿಲ್ಲ" ಎಂದಳು. ಧ್ವನಿ ಏರಿಸಲಿಲ್ಲ. "ನೀವೂ ಒಂದು ದಿನ ಉಪವಾಸ ಬಾಕಿ ಉಳಿಸೀರಿ. ಅಯ್ಯನೋರು ಬರೂತನಕಾ ನೀರೂ ಕುಡಿಯಂಗಿಲ್ಲ. ಕುಡದ್ರ ನಾ ಒಳಗ ಹೋಗಿ ಎಲ್ಲಾರ ಮುಂದ ಹೇಳ್ತೀನಿ."

ಪರಮೇಶ್ವರಪ್ಪ ನೆತ್ತಿಯ ಮೇಲಿನ ಬಿಸಿಲು ನೋಡಿದ, ಹೆಂಡತಿಯನ್ನು ನೋಡಿದ. ರುಮಾಲು ಸುತ್ತಿಕೊಂಡು ಹೊರಟ.

ಅವನ ಗ್ರಹಚಾರಕ್ಕೆ ಅಯ್ಯನವರು ಮಠದಲ್ಲಿರಲಿಲ್ಲ. ಬೇರೆ ಊರಿಗೆ ಪಾದಪೂಜೆಗೆ ಹೋದವರು ಹೊತ್ತು ಇಳಿದ ಮೇಲೆ ಬಂದರು. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಅಂಗಳಕ್ಕೆ ಬಂದಾಗ ಪರಮೇಶ್ವರಪ್ಪನ ತುಟಿ ಬಿಳಿಚಿಕೊಂಡಿತ್ತು. ಅಷ್ಟರಲ್ಲಿ ಚೆನ್ನಿ ಮತ್ತೊಮ್ಮೆ ವಾಂತಿ ಮಾಡಿ ಬೆವೆತಿದ್ದಳು. ಪಾರ್ವತವ್ವ ಬಟ್ಟೆ ತೊಳೆಯುವಾಗ ಮಾವಿನ ಸಿಪ್ಪೆ ಕಂಡಿದ್ದಳು. ಮೈ ತಣ್ಣಗಾಗಿತ್ತು. ಆದರೂ ಅಯ್ಯನವರು ಹೊಸ ಲಿಂಗವನ್ನು ಅಂಗೈಗೆ ಕೊಟ್ಟಾಗ ನೀಲಗಂಗವ್ವ ಮೊದಲು ಕೇಳಿದ್ದು ಕೂಸಿನ ಮಾತನ್ನೇ.

"ಕೈತುತ್ತಿನಿಂದ ಯಾವ ಕೂಸಿಗೆ ಕೇಡಾಗೈತಿ, ತಾಯಿ?" ಎಂದರು ಅಯ್ಯನವರು. "ತೀರ್ಥ ತಗೋ."

ಎರಡು ದಿನದ ಮೇಲೆ ಗಂಟಲಿಗೆ ಇಳಿದ ಮೊದಲ ನೀರು. ಆ ಮೂರು ಹನಿಗೆ ಅವಳು ಅತ್ತುಬಿಟ್ಟಳು. ಹೆಣ್ಣುಮಕ್ಕಳಿಬ್ಬರಿಗೂ ಆಗಲೇ ವಿಷಯ ತಿಳಿದದ್ದು. ಸಾವಿತ್ರವ್ವ ಬಾಯಿಗೆ ಸೆರಗು ಹಿಡಿದಳು. "ಎರಡು ದಿನ ಉಂಡಿಲ್ಲೇನು ಯವ್ವಾ? ಇಷ್ಟ ಮಂದಿ ಅದೀವಿ, ಒಬ್ಬರೂ ನೋಡಲಿಲ್ಲಲ್ಲ!" ನೀಲಗಂಗವ್ವ ಕಣ್ಣೊರೆಸಿಕೊಂಡಳು. ಗಂಡನ ವಿಷಯ ಮಾತ್ರ ಹೇಳಲಿಲ್ಲ. ಹೇಳಿಬಿಡುತ್ತಾಳೇನೋ ಎಂದು ಪರಮೇಶ್ವರಪ್ಪ ಕಂಬ ಹಿಡಿದು ನಿಂತಿದ್ದ.

ಕಳೆದ ಲಿಂಗ ಸಿಗಲೇ ಇಲ್ಲ. ಭೂತಾಯಿಯ ಪಾಲಾಯಿತೆಂದು ಅಯ್ಯನವರು ಸಮಾಧಾನ ಹೇಳಿ, ಉಂಡು ಹೊರಟರು.

ಆಮೇಲೆ ಗಂಡನಿಗೆ ಅವಳೇ ಬಡಿಸಿದಳು. ಮಕ್ಕಳು ಮಲಗುವ ಗದ್ದಲದಲ್ಲಿದ್ದರು, ಅಡಿಗೆಮನೆಯಲ್ಲಿ ಇವರಿಬ್ಬರೇ. ಇಡೀ ಹಗಲು ಹಸಿದವನು ಎರಡು ರೊಟ್ಟಿಯನ್ನು ಉಸಿರು ಬಿಡದೆ ತಿಂದ. ಅವಳು ರೊಟ್ಟಿಯ ಬುಟ್ಟಿಯನ್ನು ತನ್ನ ಪಕ್ಕದಲ್ಲಿಟ್ಟುಕೊಂಡು, ನಲವತ್ತೆರಡು ವರ್ಷದಲ್ಲಿ ಮೊದಲ ಸಲ, ಅವನೆದುರಿಗೆ ತನ್ನ ತಟ್ಟೆಗೂ ಬಡಿಸಿಕೊಂಡು ಕೂತಳು.

"ಇನ್ನೂ ಏನೇನು ಅದಾವು?" ಎಂದು ಕೇಳಿದಳು. "ನಾ ಹೆದರಿಕೊಂಡು ನಡಸಿದ ಆಚಾರ, ನೀವು ಮುರದು ಸುಮ್ಮನಿದ್ದದ್ದು. ಈಗ ಹೇಳಿಬಿಡ್ರಿ."

ಪರಮೇಶ್ವರಪ್ಪ ಖಾಲಿ ತಟ್ಟೆಯಲ್ಲಿ ಬೆರಳಾಡಿಸಿದ. ಅವನ ಹೊಟ್ಟೆ ಇನ್ನೂ ತುಂಬಿರಲಿಲ್ಲ. ಆದರೆ ಇನ್ನೊಂದು ರೊಟ್ಟಿ ಹಾಕು ಎನ್ನಲು ಅವನಿಗೆ ಹೆದರಿಕೆಯಾಯಿತು.