ಮೀನಿನ ಗುರುತಿನ ಹೆಂಚು ಹುಡುಕಿ ನರಸೀಪುರಕ್ಕೆ

ಬಸ್ಸು ಬಾರದೆ ಹೋಗಬಹುದಿತ್ತು. ಬಂದರೂ ದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಫೋನಿನಲ್ಲಿ ಮಾತಾಡಿದ್ದ ಗೌರಮ್ಮನವರು ಊರಲ್ಲೇ ಇಲ್ಲದಿರಬಹುದಿತ್ತು, ಇದ್ದರೂ ಅವರ ಹೆಂಚಿನ ಮೇಲೆ ಮೀನಿನ ಬದಲು ಬೇರೆ ಯಾವುದೋ ಪ್ರಾಣಿ ಇರಬಹುದಿತ್ತು. ಗೂಡ್ಸ್ ಆಟೋ ಸಿಗದಿರಬಹುದಿತ್ತು. ಸಿಕ್ಕ ಆಟೋ ಗುಂಡಿಗೆ ಇಳಿದು ಹೆಂಚೆಲ್ಲ ನುಚ್ಚಾಗಿ, ಒಂದು ಚೀಲ ಕೆಂಪು ಪುಡಿ ತಂದು ಹೆಂಡತಿಯ ಮುಂದೆ ಇಡಬೇಕಾಗಬಹುದಿತ್ತು. ಪೊಲೀಸರು ಅಡ್ಡಹಾಕಿ ಇದು ಯಾರ ಮನೆ ಮೇಲಿನದು ಎಂದು ಕೇಳಬಹುದಿತ್ತು. ನಾನು ಅಟ್ಟದಿಂದ ಬೀಳಬಹುದಿತ್ತು. ಹೆಂಚು ಹಾಕುವ ಮೊದಲೇ ಮಳೆ ಬರಬಹುದಿತ್ತು. ಎಲ್ಲಕ್ಕಿಂತ ಮೇಲಾಗಿ, ಈ ವಿಷಯದಲ್ಲಿ ಹೆಂಡತಿ ಹೇಳಿದ್ದೇ ಸರಿಯಾಗಿಬಿಡಬಹುದಿತ್ತು. ಮೇ ತಿಂಗಳ ಕೊನೆಯ ಆ ಶುಕ್ರವಾರ ಬೆಳಿಗ್ಗೆ ನಂಜನಗೂಡಿನ ಬಸ್ ನಿಲ್ದಾಣದಲ್ಲಿ ಕೂತು ನಾನು ಇಷ್ಟನ್ನೂ ಎರಡೆರಡು ಸಲ ಯೋಚಿಸಿ ಮುಗಿಸಿದ್ದೆ. ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಒಂದು ಹೆಂಚಿತ್ತು.

ಊರ ಕಡೆಯ ಓದುಗರಿಗೆ ಹಿನ್ನೆಲೆ ಹೇಳಿಬಿಡುತ್ತೇನೆ. ನಾವು ಇಂಡಿ ತಾಲ್ಲೂಕಿನವರು. ಹೆಂಡತಿ ಶೈಲಾಗೆ ಬ್ಯಾಂಕಿನಲ್ಲಿ ನಂಜನಗೂಡಿಗೆ ವರ್ಗವಾದಾಗ ನಾನೂ ಹಿಂದೆ ಬಂದೆ. ನನ್ನದು ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ, ಎಲ್ಲಿ ಕುಳಿತು ತಿದ್ದಿದರೂ ತಪ್ಪುಗಳು ಅವೇ. ಒಂದೇ ರಾಜ್ಯ, ಒಂದೇ ಭಾಷೆ, ಇದರಲ್ಲೇನು ಎಂದುಕೊಂಡೇ ಬಂದೆವು. ಪರದೇಶಕ್ಕೆ ಹೋಗುವವರಿಗೆ ಎಲ್ಲ ಬೇರೆ ಇರುತ್ತದೆಂದು ಮೊದಲೇ ಗೊತ್ತಿರುತ್ತದೆ, ನಮಗೆ ಒಂದೊಂದಾಗಿ ಗೊತ್ತಾಯಿತು. ಊರಿನಿಂದ ಕಟ್ಟಿ ತಂದ ಖಡಕ್ ರೊಟ್ಟಿ ಕಪಿಲೆಯ ತೇವಕ್ಕೆ ನಾಲ್ಕೇ ದಿನಕ್ಕೆ ಚಪಾತಿಯಾಯಿತು. ಬಿಳಿಜೋಳ ಕೇಳಿದರೆ ಅಂಗಡಿಯವರು ಹಕ್ಕಿ ಸಾಕಿದ್ದೀರಾ ಎಂದು ವಿಚಾರಿಸಿದರು. ಇವಕ್ಕೆಲ್ಲ ಹೊಂದಿಕೊಂಡೆವು. ಹೊಂದಿಕೊಳ್ಳಲಾಗದೆ ಉಳಿದದ್ದು ನಮ್ಮ ಬಾಡಿಗೆ ಮನೆಯ ಮಾಡು.

ನಮ್ಮ ಕಡೆ ಮಣ್ಣಿನ ಮಾಳಿಗೆ. ಸೋರಿದರೆ ಮೇಲೆ ಹತ್ತಿ, ಒಂದು ಬುಟ್ಟಿ ಸವಳು ಮಣ್ಣು ಸುರುವಿ, ಗಟ್ಟಿಯಾಗಿ ತುಳಿಯುತ್ತೇವೆ. ನನ್ನಪ್ಪ ತುಳಿದಿದ್ದ, ನಾನೂ ತುಳಿದು ಬೆಳೆದವನು. ಹೋದ ವರ್ಷ ಮೊದಲ ಮಳೆಗೆ ಇಲ್ಲಿಯ ನಡುಮನೆ ಸೋರಿದಾಗ ಕಾಲು ತಾನಾಗಿಯೇ ಏಣಿ ಹತ್ತಿತು. ಹೆಂಚಿನ ಮೇಲೆ ನಿಂತು, ಸೋರುವ ಜಾಗ ಅಂದಾಜು ಮಾಡಿ, ತುಳಿದೆ. ಒಂದು ಕಡೆ ಸೋರುತ್ತಿದ್ದ ಮನೆ ಐದು ಕಡೆ ಸೋರತೊಡಗಿತು. ಎದುರುಮನೆಯವರು ಈಗಲೂ ಮೋಡ ಕಂಡರೆ ಹೊರಗೆ ಬಂದು ನಮ್ಮ ಏಣಿ ಎಲ್ಲಿದೆ ಎಂದು ನೋಡುತ್ತಾರೆ.

ಒಡೆದವಕ್ಕೆ ಬದಲು ಅಂಗಡಿಯ ಹೊಸ ಹೆಂಚು ತಂದು ಹಾಕಿಸಿದೆ. ಅವೂ ಸೋರಿದವು. ಶೈಲಾಳ ಸ್ಕೇಲು ಹಿಡಿದು ಅಳೆದಾಗ ಕಾರಣ ತಿಳಿಯಿತು. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ತರ, ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುವುದಿಲ್ಲ, ನಡುವೆ ಅರ್ಧ ಬೆರಳು ಸಂದು ಉಳಿಯುತ್ತದೆ. ನಮ್ಮ ಮಾಡಿನ ಹಳೆಯ ಹೆಂಚುಗಳ ಬೆನ್ನ ಮೇಲೆಲ್ಲ ಒಂದು ಮೀನಿನ ಗುರುತು. ಆ ಮೀನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟು ಕಾಲವಾಯಿತೋ ಯಾರಿಗೂ ತಿಳಿಯದು.

ಅಷ್ಟರಲ್ಲಿ ಮನೆಯ ಓನರ್ ಜಯಮ್ಮನವರ ತಾಳ್ಮೆಯೂ ಸೋರಿಹೋಗಿತ್ತು. ಹೆಂಚು ಪೂರಾ ಕಿತ್ತು ಶೀಟು ಹೊದಿಸುವುದೆಂದು ತೀರ್ಮಾನಿಸಿದರು. ಶನಿವಾರ ಬೆಳಿಗ್ಗೆ ಶೀಟಿನವರು ಬರುವುದೆಂದಾಯಿತು. ನಾನು ಗೋಗರೆದಾಗ ಒಂದು ರಿಯಾಯಿತಿ ಕೊಟ್ಟರು. “ಸನಿವಾರ್ದೊಳಗೆ ನೀವೇ ಸರಿಮಾಡ್ಕಂಡ್ರೆ ಸೈ ಕಣ್ರೀ. ಒಂದ್ ತೊಟ್ಟು ಬಿದ್ರೂ ಶೀಟೇಯ.”

ಶೈಲಾಳ ತೀರ್ಮಾನ ಅದಕ್ಕೂ ಮೇಲಿನದು. “ಶೀಟಿನ ಕೆಳಗ ನಾ ಬೇಯೂದಿಲ್ರೀ. ಮೈಸೂರಾಗ ಫ್ಲ್ಯಾಟ್ ನೋಡ್ತೀನಿ, ದಿನಾ ಅಲ್ಲಿಂದ ಓಡಾಡ್ತೀನಿ.”

ಅವಳು ಹೇಳಿದರೆ ಮಾಡುತ್ತಾಳೆ. ಮೂರು ಊರು ತಿರುಗಿ ಬಂದ ಮೇಲೆ ನನಗೆ ನನ್ನದೆನ್ನಿಸಿದ ಮೊದಲ ಮನೆ ಇದು. ಬೇಸಿಗೆಯಲ್ಲಿ ತಂಪಾಗಿರುವ ಆ ನಡುಮನೆ, ಕಿಟಕಿಯ ಪಕ್ಕದ ನನ್ನ ಮೇಜು, ಹೊತ್ತಿಗೆ ಸರಿಯಾಗಿ ಮಾತಾಡಿಸಿ ಹೋಗುವ ಬೀದಿ, ಇವನ್ನು ಬಿಟ್ಟು ಯಾವುದೋ ನಾಲ್ಕನೇ ಮಹಡಿಯಲ್ಲಿ ಕೂರುವುದನ್ನು ನೆನೆದರೆ ಅನ್ನ ಇಳಿಯುತ್ತಿರಲಿಲ್ಲ.

ಹೀಗೆ ಬೈದವಳೇ ಬ್ಯಾಂಕಿನ ಕೌಂಟರಿಗೆ ಬಂದವರನ್ನೆಲ್ಲ ಮೀನಿನ ಹೆಂಚು ಕಂಡಿದ್ದೀರಾ ಎಂದು ಕೇಳುತ್ತಿದ್ದಳು. ಗುರುವಾರ ಮಧ್ಯಾಹ್ನ ಒಬ್ಬರು ಕಂಡಿದ್ದೇನೆ ಎಂದರಂತೆ. ಟಿ. ನರಸೀಪುರದ ಗೌರಮ್ಮ ಎಂಬ ಅವರ ನೆಂಟರು ಹಳೆಯ ಆಲೆಮನೆ ಬಿಚ್ಚಿ ಹೆಂಚು ಜೋಡಿಸಿಟ್ಟಿದ್ದಾರೆ. ಫೋನು ಮಾಡಿದೆ. ಫೋಟೋ ಬಂತು, ಮೀನು ಮಸುಕಾಗಿ ಕಂಡಿತು. ನನಗಿಂತ ಮೊದಲು ಬೇರೆ ಯಾರಾದರೂ ಬಂದು ಕೊಂಡುಬಿಟ್ಟರೆ ಎಂಬ ಭಯಕ್ಕೆ ಅಂದು ಸಂಜೆಯೇ ಫೋನಿನಲ್ಲಿ ಪೂರ್ತಿ ಹಣ ಕಳಿಸಿದೆ. ಕಣ್ಣಾರೆ ನೋಡದ ಹೆಂಚಿಗೆ ರೊಕ್ಕ ಹಾಕುವ ಗಂಡಸು ಇಡೀ ಬ್ಯಾಂಕಿನ ಗಿರಾಕಿಗಳಲ್ಲಿ ಒಬ್ಬನೂ ಇಲ್ಲವೆಂದು ಶೈಲಾ ಊಟ ಮುಗಿಯುವವರೆಗೂ ಹೇಳಿದಳು.

ಬಸ್ಸು ಬಂತು. ಕೂತವರಲ್ಲಿ ಮುಕ್ಕಾಲು ಪಾಲು ಹೆಂಗಸರು, ಅವರಿಗೆಲ್ಲ ಫ್ರೀ ಟಿಕೆಟ್. ಕಂಡಕ್ಟರು ನನ್ನ ಹತ್ತಿರ ಬಂದು, “ದುಡ್ ಕೊಡೋ ಗಿರಾಕಿ ಒಬ್ರಾದ್ರೂ ಸಿಕ್ಕುದ್ರಲ್ಲ, ಆರಾಮಾಗಿ ಕೂತ್ಕಳಿ ಸಾ” ಎಂದು ಟಿಕೆಟು ಹರಿದ. ನರಸೀಪುರ ಮೂವತ್ತು ಚಿಲ್ಲರೆ ಕಿಲೋಮೀಟರು. ಊರು ದಾಟುತ್ತಲೇ ಬಾಳೆತೋಟ, ಆಮೇಲೆ ಕಬ್ಬು, ನಾಲೆಯ ಪಕ್ಕ ನೀರಿಗೆ ಕಾದಿರುವ ಗದ್ದೆ. ಬಿಸಿಲು ಚುರುಗುಟ್ಟುತ್ತಿತ್ತು, ಆದರೆ ಪಡುವಣದಲ್ಲಿ ಒಂದು ಮೋಡ ನನ್ನನ್ನೇ ನೋಡುತ್ತಿರುವ ಹಾಗೆ ಕೂತಿತ್ತು.

ಪಕ್ಕದ ಸೀಟಿನ ಹೆಂಗಸು ಬಹಳ ಹೊತ್ತು ಟವೆಲಿನ ಗಂಟನ್ನೇ ನೋಡಿ, ದೇವರ ಪಟವೇ ಎಂದು ಕೇಳಿದರು. ಹೆಂಚು ಎಂದೆ. ಅವರು, “ಯಾಕಪ್ಪ, ನರಸೀಪುರದಲ್ಲಿ ಎಂಚಿಲ್ವಾ?” ಎಂದರು. ಅಲ್ಲಿಂದ ತರಲಿಕ್ಕೇ ಹೊರಟಿದ್ದೇನೆ, ಇದು ಅಳತೆಗೆ ಎಂದೆ. ಈ ಉತ್ತರ ಹಿಂದಿನ ಸೀಟಿಗೆ ಹೋಗಿ ಅಲ್ಲಿಂದ ಇನ್ನೂ ಹಿಂದಕ್ಕೆ ಹೋಯಿತು. ಇಳಿಯುವ ಹೊತ್ತಿಗೆ ಡ್ರೈವರನೂ ಕನ್ನಡಿಯಲ್ಲಿ ನನ್ನ ಹೆಂಚು ನೋಡುತ್ತಿದ್ದ.

ನರಸೀಪುರದಲ್ಲಿ ಇಳಿದು ಟೊಮ್ಯಾಟೊ ಬಾತ್ ತಿಂದೆ. ಹೋಟೆಲಿನ ಎದುರು ಗೂಡ್ಸ್ ಆಟೋ ನಿಲ್ಲಿಸಿಕೊಂಡಿದ್ದ ಮುಡುಕುತೊರೆಯ ಮಾದೇವ ಎಂಬಾತ ನಂಜನಗೂಡಿನ ತನಕ ಬರಲು ಒಪ್ಪಿದ. ಹೆಂಚಿನ ಮಧ್ಯೆ ಹುಲ್ಲು ಹಾಸಬೇಕು, ಮೆಲ್ಲಗೆ ಓಡಿಸಬೇಕು, ಉಬ್ಬು ಬಂದರೆ ಹೇಳಬೇಕು ಎಂದೆಲ್ಲ ಹೇಳಿದೆ. “ಬಸುರಿ ಹೆಂಗಸ್ನ ಕರ್ಕಂಡೋದಂಗೆ ಓಯ್ತೀನಿ, ಸುಮ್ಕಿರಿ ಸಾ” ಎಂದ.

ಗೌರಮ್ಮನವರ ಮನೆ ಊರಂಚಿಗೆ, ಗದ್ದೆಗೆ ಮುಖಮಾಡಿತ್ತು. ಅಂಗಳದ ಮೂಲೆಯಲ್ಲಿ ಹೆಂಚು ಸಾಲಾಗಿ ಒರಗಿಸಿದ್ದರು. ಅವರು ಮಾತಾಡುವ ಮೊದಲೇ ನಾನು ಮಂಡಿಯೂರಿ ನನ್ನದನ್ನು ಬಿಚ್ಚಿ ಅವರದಕ್ಕೆ ಜೋಡಿಸಿದೆ. ಟಕ್ ಎಂದು ಕೂತಿತು. ಬೆನ್ನ ಮೇಲೆ ಅದೇ ಮೀನು, ಅದೇ ಬಾಲ. ಐವತ್ತು ದಾಟಿದ ಗಂಡಸು ಪರರ ಅಂಗಳದಲ್ಲಿ ಹೆಂಚು ತಬ್ಬಿಕೊಂಡು ನಗುವುದನ್ನು ಗೌರಮ್ಮ ಸ್ವಲ್ಪ ದೂರದಿಂದಲೇ ನೋಡಿದರು. ಮಜ್ಜಿಗೆ ಕೊಟ್ಟರು. ಕುಡಿದು ಮಾದೇವನಿಗೆ ಕೈಸನ್ನೆ ಮಾಡಿದೆ.

ಆಗ ಅವರು, ಬೇಕಾದವನ್ನು ಆರಿಸಿ ಬೇರೆ ಇಡುವುದಿದ್ದರೆ ಇಡಿ, ನಾಳೆ ಬಂದು ಒಯ್ಯಿರಿ ಎಂದರು. ಶುಕ್ರವಾರ ಅವರ ಮನೆಯಿಂದ ಏನನ್ನೂ ಆಚೆಗೆ ಕೊಡುವುದಿಲ್ಲ. ಉಪ್ಪು, ಮೊಸರು, ಕಡೆಗೆ ಸೌದೆ ಚೂರು ಕೂಡ. ನಾನು ಬರುವುದು ಹೆಂಚು ನೋಡಲಿಕ್ಕೆ ಎಂದು ಅವರು ತಿಳಿದಿದ್ದರಂತೆ, ಒಯ್ಯಲಿಕ್ಕೆ ಎಂದಲ್ಲ. ಶುಕ್ರವಾರದ ಕಟ್ಟು ನಮ್ಮ ಊರಲ್ಲೂ ಉಂಟು. ನನ್ನವ್ವ ಪಾಲಿಸುತ್ತಿದ್ದಳು. ಅಷ್ಟೊಂದು ಕಂಟಕಗಳನ್ನು ಯೋಚಿಸಿದವನಿಗೆ ವಾರ ಯಾವುದೆಂದು ಯೋಚಿಸುವುದು ಮಾತ್ರ ಮರೆತಿತ್ತು.

ಬೇಡಿಕೊಂಡೆ. ನಾಳೆ ಬೆಳಿಗ್ಗೆಯೇ ಶೀಟಿನವರು ಬರುತ್ತಾರೆ, ಹೆಂಚು ಇಂದೇ ಏರದಿದ್ದರೆ ಮನೆ ಕೈಬಿಡುತ್ತದೆ ಎಂದೆ. ಗೌರಮ್ಮನಿಗೆ ಮರುಕವೇನೋ ಬಂತು. “ನನ್ ಕೈಲೇನೈತೆ, ನಮ್ಮತ್ತೇರ್ನ ಕೇಳಿ” ಎಂದು ಜಗಲಿಯ ಕಡೆ ನೋಡಿದರು. ಅಲ್ಲಿ ಕಂಬಕ್ಕೆ ಒರಗಿ ಅವರೆಕಾಯಿಯಂತೆ ಒಣಗಿದ ಅಜ್ಜಿಯೊಬ್ಬರು ಎಲೆಯಡಿಕೆ ಕುಟ್ಟುತ್ತಿದ್ದರು. ನಾನು ಕಥೆಯನ್ನೆಲ್ಲ ಮತ್ತೆ ಹೇಳಿದೆ, ಹೆಂಚು ತುಳಿದ ಭಾಗವನ್ನೂ ಬಿಡದೆ. ಅಜ್ಜಿ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಮಾದೇವ ಆಟೋದ ಮೇಲೆ ಕೈಯಿಟ್ಟು ಮೋಡ ನೋಡುತ್ತಿದ್ದ.

“ದುಡ್ ಯಾವತ್ ಬಂತವ್ವ?” ಎಂದು ಅಜ್ಜಿ ಸೊಸೆಯನ್ನು ಕೇಳಿದರು.

“ನೆನ್ನೆ ಸಂಜೆಗೇ ಬಂತು ಕಣತ್ತೆ. ಕೇಳೋಕ್ಮುಂಚೇನೆ ಆಕ್ಬುಟ್ಟವ್ರೆ.”

“ಪೂರಾನಾ?”

“ಪೂರಾ.”

ಅಜ್ಜಿ ಕುಟ್ಟಿದ್ದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. “ಅಂಗಂದ್ಮೇಲೆ ಅದು ನೆನ್ನೆಯಿಂದ್ಲೇ ಅವರ್ದು. ನಮ್ ಅಟ್ಟೀಲಿ ಒಂದ್ ರಾತ್ರಿ ಮಲಗಿತ್ತು, ಅಷ್ಟೇಯ. ಸುಕ್ರವಾರ ನಮ್ದ ಕೊಡಬಾರ್ದು, ಸರಿ. ಅವರ್ದ ಮಡಿಕ್ಕಂಡ್ರೆ ಲಕ್ಸ್ಮಿ ನಿಲ್ತಾಳಾ? ಕಳ್ರ ಮನೇಲಿ ಯಾವ ಲಕ್ಸ್ಮಿ ನಿಲ್ತಾಳೆ? ಕಳಿಸು ಅತ್ಲಾಗೆ.”

ಒಂದೇ ಕರಾರು. ಅವರ ಮನೆಯವರು ಯಾರೂ ಕೈ ಹಚ್ಚುವ ಹಾಗಿಲ್ಲ, ನನ್ನ ವಸ್ತುವನ್ನು ನಾನೇ ಹೊತ್ತೊಯ್ಯಬೇಕು. ನಾನು ಹೊತ್ತೆ. ನನ್ನ ದುಡ್ಡಿನ ಆಳಾದ್ದರಿಂದ ಮಾದೇವನಿಗೂ ಪರವಾನಗಿ ಸಿಕ್ಕಿತು. ಪುಸ್ತಕಕ್ಕಿಂತ ಭಾರವಾದದ್ದನ್ನು ಎತ್ತಿ ಎಷ್ಟೋ ವರ್ಷವಾಗಿತ್ತು, ಆದರೂ ಒಂದು ಹೆಂಚೂ ಜಾರಲಿಲ್ಲ. ಇಡೀ ಜೀವಮಾನ ನನ್ನನ್ನು ಗೋಳು ಹೊಯ್ದುಕೊಂಡ ಅವಸರದ ಭಯ ಮೊದಲ ಸಲ ನನ್ನ ಪರವಾಗಿ ಸಾಕ್ಷಿ ಹೇಳಿತ್ತು. ಶೈಲಾಗೆ ಫೋನು ಮಾಡಿ ಇದನ್ನು ಎರಡು ಬಾರಿ ಹೇಳಿದೆ. ಅವಳು ಕೌಂಟರಿನಲ್ಲಿ ಜನ ಇದ್ದಾರೆ ಎಂದಳು.

ವಾಪಸು ದಾರಿಯಲ್ಲಿ ಮಾದೇವ ಮಾತು ಉಳಿಸಿಕೊಂಡ. ಗುಂಡಿ ಬಂದಾಗಲೆಲ್ಲ ಬಸುರಿಯ ವಿಚಾರ ಎತ್ತುತ್ತಿದ್ದ. ಎಲ್ಲೂ ಪೊಲೀಸರಿರಲಿಲ್ಲ, ಇದ್ದ ಒಬ್ಬರು ಎಳನೀರು ಕುಡಿಯುತ್ತಿದ್ದರು. ಮೋಡ ನಮ್ಮೆದುರಿಗೇ ಬೆಳೆಯುತ್ತಾ ಬಂತು.

ಮನೆ ಮುಟ್ಟಿದಾಗ ಮೂರೂವರೆ. ಈ ಸಲ ಮೇಲೆ ಹತ್ತಲಿಲ್ಲ. ವರ್ಷವೆಲ್ಲ ಮಲಗಿ ಮಾಡು ನೋಡಿ ನೋಡಿ ನನಗೊಂದು ಉಪಾಯ ಹೊಳೆದಿತ್ತು. ಅಟ್ಟದ ಮೇಲೆ ನಿಂತು, ಒಳಗಿನಿಂದಲೇ ಮೇಲಿನ ಹೆಂಚನ್ನು ಅಂಗೈಯಿಂದ ತುಸು ಎತ್ತಿದರೆ ಕೆಳಗಿನದು ಸಡಿಲವಾಗುತ್ತದೆ, ಎಳೆದು ತೆಗೆಯಬಹುದು, ಹೊಸದನ್ನು ಅದೇ ಸಂದಿನಲ್ಲಿ ತೂರಿಸಿ ಕೂರಿಸಬಹುದು. ಮಾದೇವ ಕೆಳಗಿನಿಂದ ಒಂದೊಂದೇ ಕೊಟ್ಟ. ಬಾಡಿಗೆ ಮುಗಿದಿದ್ದರೂ ಹೋಗಲಿಲ್ಲ, ಈ ಮನುಷ್ಯ ಬೀಳುತ್ತಾನೋ ಇಲ್ಲವೋ ನೋಡಿಯೇ ಹೋಗುತ್ತೇನೆ ಎಂದು ಎದುರುಮನೆಯವರಿಗೆ ಹೇಳುತ್ತಿದ್ದದ್ದು ನನಗೂ ಕೇಳಿಸಿತು. ಅಂಗಡಿಯ ಹೆಂಚು ಒಂದೊಂದಾಗಿ ಇಳಿಯಿತು, ಮೀನು ಒಂದೊಂದಾಗಿ ಏರಿತು. ಪ್ರತಿಯೊಂದೂ ಟಕ್ ಎಂದಿತು. ನನ್ನ ತಲೆ, ಮೀಸೆ ಎಲ್ಲ ಮಸಿ ಮತ್ತು ಜೇಡರ ಬಲೆ.

ಕೊನೆಯ ಹೆಂಚು ಕೂತು, ಮಾದೇವ ನಾನು ಕಾಯಿಸಿ ಗರಿಗರಿ ಮಾಡಿಕೊಟ್ಟ ಖಡಕ್ ರೊಟ್ಟಿ, ಶೇಂಗಾಚಟ್ನಿ ತಿಂದು, ಇದ್ಯಾವುದೋ ಹಪ್ಪಳ ಚೆನ್ನಾಗಿದೆ ಎಂದು ಹೊರಟ ಮೇಲೆ ಮಳೆ ಬಂತು. ಗಾಳಿ ಸಮೇತ, ಗುಡುಗು ಸಮೇತ. ಶೈಲಾ ಬ್ಯಾಂಕಿನಿಂದ ತೊಯ್ದು ಬಂದವಳೇ ರೂಢಿಯಂತೆ ಐದು ಕಡೆ ಐದು ಪಾತೆಲಿ ಇಟ್ಟಳು. ಇಬ್ಬರೂ ಮಂಚದ ಮೇಲೆ ಕಾಲು ಮಡಿಚಿ ಕೂತು ಪಾತೆಲಿಗಳನ್ನೇ ನೋಡಿದೆವು. ಮಾಡಿನ ಮೇಲೆ ಕಲ್ಲು ಸುರಿದಂತೆ ಸದ್ದು. ಪಾತೆಲಿ ಮಾತ್ರ ಸುಮ್ಮನಿದ್ದವು. ಬಹಳ ಹೊತ್ತಾದ ಮೇಲೆ ಅವಳೆದ್ದು ಒಂದರೊಳಗೆ ಬೆರಳಾಡಿಸಿ ನೋಡಿದಳು.

“ಈ ದೊಡ್ಡ ಪಾತೆಲಿ ಒಲಿ ಮ್ಯಾಲ ಇಡ್ರಿ, ಬ್ಯಾಳಿ ಹಾಕ್ತೀನಿ” ಎಂದಳು. ಫ್ಲ್ಯಾಟಿನ ಮಾತು ಆ ಬೇಳೆಯ ಜೊತೆಗೇ ಬೆಂದುಹೋಯಿತು.

ಶನಿವಾರ ಬೆಳಿಗ್ಗೆ ಜಯಮ್ಮನವರು ಶೀಟಿನವರಿಬ್ಬರನ್ನು ಹಿಂದಿಟ್ಟುಕೊಂಡು ಬಂದರು. ಮಳೆ ಇನ್ನೂ ಜಿನುಗುತ್ತಿತ್ತು. ನಡುಮನೆಯ ನೆಲವನ್ನು ಅಂಗೈಯಿಂದ ಸವರಿದರು, ಗೋಡೆ ಮುಟ್ಟಿದರು, ಕತ್ತೆತ್ತಿ ಮಾಡನ್ನು ಮೂಲೆಯಿಂದ ಮೂಲೆಗೆ ನೋಡಿದರು. ಅಳತೆ ಟೇಪು ಬಿಚ್ಚುತ್ತಿದ್ದವನಿಗೆ ಅವರು, “ಸುತ್ಕೋ ಮಗ, ಇಲ್ಲೇನೂ ಕೆಲ್ಸಿಲ್ಲ” ಎಂದರು. ನನ್ನ ಕಡೆ ತಿರುಗಿ, “ಮುಂದಿನ ವರ್ಸ ನಮ್ಮನೇದೂ ಒಂಚೂರು ನೋಡ್ಕೊಡಿ” ಎಂದರು. ಇಂಡಿ ತಾಲ್ಲೂಕಿನವನಿಗೆ ನಂಜನಗೂಡಿನಲ್ಲಿ ಇದಕ್ಕಿಂತ ದೊಡ್ಡ ಸನ್ಮಾನ ಇನ್ನೊಂದಿಲ್ಲ.

ಅವರನ್ನು ಗೇಟಿನವರೆಗೆ ಬಿಟ್ಟು ಬರುವ ಗತ್ತಿನಲ್ಲಿ ಹೊರಗೆ ಬಂದೆ. ವರ್ಷಪೂರ್ತಿ ಐದು ಪಾತೆಲಿಗಳಲ್ಲಿ ಹಂಚಿಹೋಗುತ್ತಿದ್ದ ನೀರೆಲ್ಲ ಈಗ ಹೆಂಚಿನಿಂದ ಹೆಂಚಿಗೆ ಶಿಸ್ತಾಗಿ ಹರಿದು ಬಂದು, ಬಾಗಿಲ ಮುಂದೆ ಒಂದೇ ಕಡೆ, ತೊಡೆ ಗಾತ್ರದ ಧಾರೆಯಾಗಿ ಬೀಳುತ್ತಿತ್ತು. ಅದು ಬೀಳುವ ಜಾಗದಲ್ಲೇ ನಾನು ನಿನ್ನೆ ಚಪ್ಪಲಿ ಬಿಟ್ಟಿದ್ದೆ. ಬಲಗಾಲಿನದು ನೀರು ತುಂಬಿಕೊಂಡು ಅಲ್ಲೇ ಇತ್ತು. ಎಡಗಾಲಿನದು ಮೋರಿಯ ಪಾಲಾಗಿತ್ತು.