ಬಾಗದೆ ಹೋದ ಚೆಂಡು

ಷೂಡ್‌ಹಿಲ್ ಬೀದಿಯಲ್ಲಿ ತಿರುಗಣಿ ಹಾಕಿಕೊಂಡು ಮರ ಕಡೆಯುತ್ತಿದ್ದ ಎಫ್ರಾಯಿಮ್ ಕ್ಲೆಗ್‌ಗೆ ಒಂದೇ ಒಂದು ಜಂಬವಿತ್ತು. ಮೂವತ್ತೆಂಟು ವರ್ಷದಲ್ಲಿ ಅವನ ಅಂಗಡಿಯಿಂದ ಹೊರಗೆ ಹೋದ ಮರದ ಚೆಂಡು ಒಂದೂ ಸರಿಯಿಲ್ಲವೆಂದು ವಾಪಸು ಬಂದಿರಲಿಲ್ಲ. ಒಳ್ಳೆಯ ಮಾಲು ಮಾರುವವರಿಗೆ ಅದನ್ನು ಹೇಳಿಕೊಳ್ಳುವ ಕಾಯಿಲೆಯೂ ಇರುತ್ತದೆ. ಎಫ್ರಾಯಿಮ್‌ಗೆ ಅದು ಸ್ವಲ್ಪ ಜಾಸ್ತಿಯೇ ಅಂಟಿತ್ತು. ಕಲ್ಲಿದ್ದಲು ಹಾಕಲು ಬಂದವನಿಗೂ ಹೇಳುತ್ತಿದ್ದ, ದಾರಿ ಕೇಳಲು ನಿಂತವನಿಗೂ ಹೇಳುತ್ತಿದ್ದ.

ಹುಟ್ಟಿದ್ದು ಓಲ್ಡಮ್ ಗುಡ್ಡದ ಮೇಲಿನ ನೇಕಾರರ ಮನೆಯಲ್ಲಿ. ಕೆಲಸ ಕಲಿಯಲು ಮ್ಯಾಂಚೆಸ್ಟರಿಗೆ ಇಳಿದಾಗ ಊರಿನಲ್ಲಿ ನೂಲಿನ ಗಿರಣಿ ಇನ್ನೂ ಒಂದೂ ಇರಲಿಲ್ಲ. ಆಮೇಲೆ ಅವು ಮಳೆಗಾಲದ ಅಣಬೆಯಂತೆ ಎದ್ದವು. ಪ್ರತಿ ಗಿರಣಿಗೂ ನೂಲು ಸುತ್ತುವ ಕಂಡಿಕೆ ಸಾವಿರಗಟ್ಟಲೆ ಬೇಕು. ಜೊತೆಯವರೆಲ್ಲ ಕಂಡಿಕೆ ಕಡೆದು ಕಡೆದು ತಾವೂ ದುಂಡಗಾದರು. ಎಫ್ರಾಯಿಮ್ ಮಾತ್ರ ಹಸಿರುಹಾಸಿನ ಮೇಲೆ ಉರುಳಿಸಿ ಆಡುವ ಚೆಂಡಿಗೆ ಅಂಟಿಕೊಂಡ. ಯಾಕೆಂದು ಕೇಳಿದರೆ, "ಕಂಡಿಕೆ ಲಕ್ಷ ಮಾಡು, ಅದು ಗಿರಣಿಯವನದ್ದು. ಚೆಂಡು ಒಂದೇ ಮಾಡು, ಅದು ಕ್ಲೆಗ್ ಚೆಂಡು," ಎನ್ನುತ್ತಿದ್ದ. ಈ ಮಾತಿನಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಹೆಂಡತಿ ಡಾರ್ಕಸ್‌ಗೆ ಮದುವೆಯಾದ ವಾರದಲ್ಲೇ ತಿಳಿಯಿತು. ಅವಳು ಸಂತೆಯಲ್ಲಿ ಓಟ್ಸ್ ರೊಟ್ಟಿ ಮಾರುವುದನ್ನು ಬಿಡಲಿಲ್ಲ. ಹಾಗಾಗಿ ಇಬ್ಬರೂ ಸುಖವಾಗಿದ್ದರು.

ಆ ಆಟದ ಚೆಂಡು ನೇರ ಹೋದರೆ ಕೆಟ್ಟಿತು. ಒಂದು ಮಗ್ಗುಲು ಕೂದಲೆಳೆಯಷ್ಟು ಉಬ್ಬು, ಇನ್ನೊಂದು ಮಗ್ಗುಲು ಅಷ್ಟೇ ಚಪ್ಪಟೆ ಇರಬೇಕು. ಆಗ ಅದು ವೇಗ ತಗ್ಗಿದಂತೆ ಓರೆಯಾಗಿ ಬಾಗಿ, ಎದುರಾಳಿಯ ಚೆಂಡನ್ನು ಸುತ್ತಿ ಬಳಸಿಕೊಂಡು ಗುರಿಯಾಗಿಟ್ಟ ಪುಟ್ಟ ಚೆಂಡಿನ ಪಕ್ಕ ಹೋಗಿ ಕೂರುತ್ತದೆ. ಆ ಬಾಗನ್ನು ಅಳತೆಗೋಲಿಲ್ಲದೆ ಬರೀ ಉಳಿಯ ತುದಿಯಲ್ಲಿ ಕೊಡುವುದೇ ಕ್ಲೆಗ್ ಕೈಗುಣ. ಗುರುವಾರ ಮಧ್ಯಾಹ್ನ ಹೆಬ್ಬಾತು ಎಂಬ ಪಾನಗೃಹದ ಹಿತ್ತಲಿನ ಹುಲ್ಲುಹಾಸಿನಲ್ಲಿ ಉರುಳುತ್ತಿದ್ದ ಚೆಂಡುಗಳಲ್ಲಿ ಮುಕ್ಕಾಲು ಪಾಲು ಅವನವೇ.

ಅಲ್ಲಿ ಗುರುವಾರ ತಪ್ಪದೆ ಆಡಲು ಬರುತ್ತಿದ್ದವರಲ್ಲಿ ಮೇಷ್ಟ್ರು ಸೈಲಸ್ ಪೆನ್‌ಕೆತ್ ಒಬ್ಬರು. ಕ್ವೇಕರ್ ಪಂಥದವರು. ಆ ಪಂಥದವರು ಯಾರ ಮುಂದೆಯೂ ಟೋಪಿ ತೆಗೆಯರು, ದೊರೆಯನ್ನೂ ನೀನು ಎಂದೇ ಕರೆಯುವರು, ಕುತ್ತಿಗೆಗೆ ಕತ್ತಿ ಇಟ್ಟರೂ ಸುಳ್ಳು ಹೇಳರು. ಪೆನ್‌ಕೆತ್ ಗಣಿತ ಹೇಳಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದರು, ಉಳಿದ ಹೊತ್ತಿನಲ್ಲಿ ಅನಿಲಗಳನ್ನು ಬಾಟಲಿಗೆ ತುಂಬುತ್ತಿದ್ದರು. ಇದೇ ಊರಿನ ಡಾಲ್ಟನ್ ಎಂಬ ವಿದ್ವಾಂಸರು ಸಕಲ ವಸ್ತುವೂ ಒಡೆಯಲಾಗದ ಕಣಗಳಿಂದ ಆಗಿದೆ ಎಂದು ಬರೆದು ಆಗ ಮೂರು ವರ್ಷವಾಗಿತ್ತು. ಪೆನ್‌ಕೆತ್‌ಗೆ ಆ ಮಾತು ತಲೆಗೇರಿ ಇಳಿದಿರಲಿಲ್ಲ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅವರು ಅಂಗಡಿಗೆ ಬಂದರು.

"ಎಫ್ರಾಯಿಮ್, ನನಗೆ ಆರು ಡಜನ್ ಸಣ್ಣ ಚೆಂಡು ಮಾಡಿಕೊಡು. ನೆಲ್ಲಿಕಾಯಿ ಗಾತ್ರ ಸಾಕು."

"ಆರು ಡಜನ್! ಯಾರ ಜೊತೆ ಆಡ್ತೀರಿ ಮೇಷ್ಟ್ರೇ, ಇಲಿ ಜೊತೆನಾ?"

"ಆಟಕ್ಕಲ್ಲ. ಪರಮಾಣು ತೋರಿಸೋಕೆ. ಅದನ್ನ ಕಣ್ಣಲ್ಲಿ ಕಂಡವರಿಲ್ಲ ನೋಡು. ಮರದಲ್ಲಾದರೂ ಕಂಡರೆ ಜನ ನಂಬ್ತಾರೆ. ಕರಿ ಬಳಿದದ್ದು ಇಂಗಾಲ. ಹಾಗೇ ಬಿಟ್ಟದ್ದು ಆಮ್ಲಜನಕ. ನಡುವೆ ಚುಕ್ಕಿ ಇಟ್ಟದ್ದು ಜಲಜನಕ. ಒಂದು ಇಂಗಾಲಕ್ಕೆ ಒಂದು ಆಮ್ಲಜನಕ ಸೇರಿದರೆ, ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿದವರನ್ನ ಕೊಲ್ಲೋ ವಿಷಗಾಳಿ. ಎರಡು ಸೇರಿದರೆ ನಿನ್ನ ಬಿಯರಿನ ನೊರೆ ಎಬ್ಬಿಸೋ ಗಾಳಿ. ನಡುವೆ ಒಂದೂವರೆ ಅನ್ನೋದೇ ಇಲ್ಲ."

"ಮೊಟ್ಟೆ ವ್ಯಾಪಾರ ಇದ್ದಂಗೆ ಅನ್ನಿ," ಎಂದಳು ಡಾರ್ಕಸ್ ಒಳಗಿನಿಂದ. "ಒಂದೂವರೆ ಮೊಟ್ಟೆ ಕೊಡಮ್ಮಾ ಅಂತ ಯಾರೂ ಬರಲ್ಲ."

ಪೆನ್‌ಕೆತ್ ಅವಳ ಕಡೆ ತಿರುಗಿದರು. "ಡಾರ್ಕಸ್, ಇದನ್ನ ಜನಕ್ಕೆ ತಿಳಿಸೋಕೆ ನಾನು ಹದಿನಾಲ್ಕು ಪುಟ ಬರೆದಿದ್ದೀನಿ," ಎಂದರು. ಆಮೇಲೆ ಎಫ್ರಾಯಿಮ್‌ಗೆ, "ಒಂದೇ ಮಾತು ನೆನಪಿಡು. ಒಂದು ಬಗೆಯ ಪರಮಾಣು ಎಲ್ಲಾ ತದ್ರೂಪು. ಚೆಂಡೂ ಹಾಗೇ ಇರಬೇಕು. ಈ ತಿಂಗಳ ಕೊನೇ ಮಂಗಳವಾರ ಉಪನ್ಯಾಸ."

ಎಫ್ರಾಯಿಮ್ ಒಂಬತ್ತು ದಿನದಲ್ಲಿ ಎಪ್ಪತ್ತೆರಡನ್ನೂ ಕಡೆದ. ಬೀಚ್ ಮರ, ಗಾಜಿನಂಥ ನಯ. ಕಡ್ಡಿ ಸಿಕ್ಕಿಸಲು ರಂಧ್ರ ಕೊರೆದು, ಬಣ್ಣ ಬಳಿದು, ಚೀಲಕ್ಕೆ ತುಂಬಿ ತಾನೇ ಮೇಷ್ಟ್ರ ಮನೆಗೆ ಹೊತ್ತು ಹಾಕಿ ಬಂದ. ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ, ಇಡೀ ಜಗತ್ತನ್ನು ಕಡೆದು ಕೊಟ್ಟೆ ಎಂದು ಹೇಳಿಕೊಂಡ.

ಮರುದಿನ ಗುರುವಾರ. ಹೆಬ್ಬಾತಿನ ಹಿತ್ತಲಿಗೆ ಪೆನ್‌ಕೆತ್ ಬಂದರು. ಒಂದು ಕೈಯಲ್ಲಿ ಆಟದ ಚೆಂಡು, ಇನ್ನೊಂದು ಕೈಯಲ್ಲಿ ಆ ಚೀಲ.

ಎಫ್ರಾಯಿಮ್‌ನ ಬಾಯಲ್ಲಿದ್ದ ಬಿಯರು ಅಲ್ಲೇ ನಿಂತಿತು. ಪಾನಗೃಹದ ಯಜಮಾನ ವಾಲ್ಟರ್ ಟಾಂಜ್ ಮೂವತ್ತೆಂಟು ವರ್ಷದಿಂದ ಇದೇ ಘಳಿಗೆಗೆ ಕಾದವನಂತೆ ಕೈ ಒರೆಸಿಕೊಂಡು ಮುಂದೆ ಬಂದ.

"ಏನು ಮೇಷ್ಟ್ರೇ, ಕ್ಲೆಗ್ ಚೆಂಡು ವಾಪಸು ತಂದ್ರಾ?"

ಕ್ವೇಕರರನ್ನು ಇಂಥ ಪ್ರಶ್ನೆ ಕೇಳಬಾರದು. ಪೆನ್‌ಕೆತ್ ಟೋಪಿಯ ಅಂಚು ಸರಿಮಾಡಿಕೊಂಡು ಯೋಚಿಸಿದರು.

"ಇನ್ನೂ ಇಲ್ಲ, ವಾಲ್ಟರ್. ತೋರಿಸೋಕೆ ತಂದೆ. ವಾಪಸೋ ಅಲ್ಲವೋ ಅನ್ನೋದು ಮಂಗಳವಾರ ತಿಳಿಯುತ್ತೆ."

ಒಂದು ಚೆಂಡನ್ನು ತೆಗೆದು ಉದ್ದ ಮೇಜಿನ ಮೇಲೆ ಬಿಯರ್ ಲೋಟದ ಕಡೆ ಮೆಲ್ಲಗೆ ಉರುಳಿಸಿದರು. ಅದು ಅರ್ಧ ದಾರಿ ನೇರ ಹೋಗಿ, ಆಮೇಲೆ ಎಡಕ್ಕೆ ಬಾಗಿ, ಲೋಟವನ್ನು ಮರ್ಯಾದೆಯಿಂದ ಬಳಸಿಕೊಂಡು ಹೋಗಿ ಕೆಳಗೆ ಬಿತ್ತು. ಇನ್ನೊಂದೂ ಹಾಗೆಯೇ, ಮೂರನೆಯದೂ ಹಾಗೆಯೇ.

ಟಾಂಜ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ, ಭೇಷ್! ಜಲಜನಕಾನೂ ನಮ್ಮ ಆಟಕ್ಕೆ ಸೇರ್ತಲ್ಲಯ್ಯಾ!"

"ಎಫ್ರಾಯಿಮ್," ಎಂದರು ಪೆನ್‌ಕೆತ್, "ಒಂದು ಮಗ್ಗುಲು ಉಬ್ಬಿದೆ. ಪರಮಾಣುವಿಗೆ ಮಗ್ಗುಲು ಇದ್ದರೆ ನನ್ನ ಮಾತಿಗೆ ಬೆಲೆ ಇಲ್ಲ. ಡಾಕ್ಟರ್ ಹೆಸ್ಕೆತ್ ಮುಂದಿನ ಸಾಲಿನಲ್ಲೇ ಕೂರ್ತಾರೆ. ಅವರಿಗೆ ಕಣಗಳ ಮೇಲೆ ನಂಬಿಕೆ ಇಲ್ಲ. ನನ್ನ ಮೇಲಂತೂ ಮೊದಲೇ ಇಲ್ಲ."

ಎಫ್ರಾಯಿಮ್ ಚೀಲ ಎತ್ತಿಕೊಂಡು ಮನೆಗೆ ನಡೆದ. ತಾನೇ ಎತ್ತಿಕೊಂಡು ಬಂದದ್ದು ವಾಪಸು ಬಂದ ಲೆಕ್ಕವಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ವಾದಿಸಿದ. ಮನೆ ಸೇರುವ ಹೊತ್ತಿಗೆ ಆ ವಾದ ಅವನಿಗೇ ರುಚಿಸಲಿಲ್ಲ.

ಶುಕ್ರವಾರ ಹೊಸ ಮರ ತಿರುಗಣಿಗೆ ಏರಿತು. ಕಡೆದ ಚೆಂಡನ್ನು ಮೇಜಿನ ಮೇಲೆ ಬಿಟ್ಟರೆ ಎಡಕ್ಕೆ ಬಾಗಿತು. ಉಸಿರು ಹಿಡಿದು ಕಡೆದ, ಎಡಕ್ಕೇ ಬಾಗಿತು. ಹಲಗೆಗೆ ದುಂಡು ತೂತು ಕೊರೆದು ಚೆಂಡನ್ನು ತೂರಿಸಿ ನೋಡಿದ. ಒಂದು ಕಡೆಯಿಂದ ತೂರುವುದು ಇನ್ನೊಂದು ಕಡೆಯಿಂದ ತಡೆಯುವುದು. ಮೂವತ್ತೆಂಟು ವರ್ಷ ಸುಳ್ಳು ಹೇಳಲು ಕಲಿಸಿದ ಕೈಗೆ ಏಕಾಏಕಿ ಸತ್ಯ ಹೇಳು ಎಂದರೆ ಅದಾದರೂ ಏನು ಮಾಡೀತು? ಶನಿವಾರ ಸಂಜೆಯ ಹೊತ್ತಿಗೆ ಬುಟ್ಟಿ ತುಂಬ ಬಾಗುವ ಚೆಂಡು, ನೆಟ್ಟಗಿದ್ದದ್ದು ಮೂರು. ಆ ಮೂರೂ ಹೇಗೆ ನೆಟ್ಟಗಾದವು ಎಂಬುದು ಅವನಿಗೆ ತಿಳಿಯದು.

"ಕಡೆಯೋದೇ ಮರೆತುಹೋಯ್ತು ಕಣೇ," ಎಂದ.

"ಮರೆತಿದ್ರೆ ಚೆನ್ನಾಗಿತ್ತು. ಮರೆತಿಲ್ವಲ್ಲ, ಅದಕ್ಕೇ ಈ ಪಾಡು." ಡಾರ್ಕಸ್ ಒಲೆಯ ಕಲ್ಲಿನ ಮೇಲೆ ಸೋಮವಾರದ ಸಂತೆಗೆ ರೊಟ್ಟಿ ಹಾಕುತ್ತಿದ್ದಳು. "ಆಗಿಂದ ನೋಡ್ತಿದ್ದೀನಿ. ಚೆಂಡನ್ನ ತಿರುಗಣಿ ತುದಿಯ ಆ ಮರದ ಬಟ್ಟಲಿಗೆ ಕಚ್ಚಿಸ್ತೀಯ. ಬಲಗಡೆ ಪೂರ್ತಿ ತೀಡ್ತೀಯ, ಎಡಗಡೆಗೆ ಬಂದಾಗ ಒಂದು ಉಸಿರು ಮುಂಚೆ ಉಳಿ ಎತ್ತಿಬಿಡ್ತೀಯ. ಪ್ರತಿ ಸಲಾನೂ."

"ಎತ್ತಬಾರದು ಅಂತಾನೇ ಅಂದ್ಕೊಳ್ತೀನಿ. ಕೈ ಕೇಳಲ್ಲ."

"ಕೈ ಕೇಳದಿದ್ರೆ ಬಿಡು. ಚೆಂಡನ್ನ ತಿರುಗಿಸು." ಅವಳು ಕಲ್ಲಿನ ಮೇಲಿದ್ದ ರೊಟ್ಟಿಯನ್ನು ಬೆರಳ ತುದಿಯಲ್ಲಿ ಎತ್ತಿ ಮಗುಚಿ ಹಾಕಿದಳು. "ಕಲ್ಲಿನ ಕಾವು ಒಂದೇ ಮಗ್ಗುಲು ತಾನೆ? ಕಲ್ಲಿನ ಜೊತೆ ಜಗಳ ಆಡ್ತೀನಾ ನಾನು?"

ಎಫ್ರಾಯಿಮ್ ರೊಟ್ಟಿ ನೋಡಿದ, ಹೆಂಡತಿಯನ್ನು ನೋಡಿದ, ಎದ್ದು ಹೋಗಿ ಟೋಪಿ ಹಾಕಿಕೊಂಡ. ಅಂಗಡಿ ಪಕ್ಕದ ಕೋಣೆಯಲ್ಲೇ ಇತ್ತು, ಟೋಪಿಯ ಅಗತ್ಯವಿರಲಿಲ್ಲ.

ಆಡುವ ಚೆಂಡನ್ನು ಬಟ್ಟಲಿಗೆ ಒಂದೇ ಸಲ ಕಚ್ಚಿಸುವುದು ಆ ಕಸುಬಿನ ಪದ್ಧತಿ. ಎರಡನೆಯ ಸಲ ಕಚ್ಚಿಸಿದರೆ ಬಾಗು ಹೋಗುತ್ತದೆ ಎಂದು ಗುರು ಕಿವಿ ಹಿಂಡಿ ಕಲಿಸಿದ್ದ. ಎಫ್ರಾಯಿಮ್ ಮೊದಲ ಬಾರಿಗೆ ಗುರುವಿನ ಮಾತು ಮೀರಿದ. ಅರ್ಧ ಕೆಲಸವಾದ ಮೇಲೆ ಚೆಂಡನ್ನು ಕಿತ್ತು, ತಲೆಕೆಳಗಾಗಿಸಿ ಕಚ್ಚಿಸಿದ. ಮತ್ತೆ ಕಿತ್ತು ಅಡ್ಡಡ್ಡ ಕಚ್ಚಿಸಿದ. ಕೈ ಮಾಡಿದ ಮೋಸವನ್ನು ಅದೇ ಕೈ ಇನ್ನೊಂದು ಕಡೆಯಿಂದ ತೀಡಿ ತೆಗೆಯಿತು. ಅಡುಗೆಯ ಮೇಜಿನ ಮೇಲೆ ತಂದು ಬಿಟ್ಟ ಚೆಂಡು ಗೆರೆ ಎಳೆದಂತೆ ಹೋಗಿ ಡಾರ್ಕಸ್‌ಳ ಹಿಟ್ಟಿನ ಡಬ್ಬಿಗೆ ಟಣ್ಣೆಂದು ಬಡಿಯಿತು.

ಭಾನುವಾರ ಇಬ್ಬರೂ ಚರ್ಚಿಗೆ ಹೋಗಿ ಬಂದರು. ಆ ದಿನ ಉಳಿ ಹಿಡಿಯುವಂತಿಲ್ಲ. ಎಫ್ರಾಯಿಮ್ ಪ್ರಾರ್ಥನೆಯ ಉದ್ದಕ್ಕೂ ಪಾದ್ರಿಯ ಬೋಳುತಲೆಯ ಎರಡೂ ಮಗ್ಗುಲನ್ನು ಕಣ್ಣಲ್ಲೇ ಅಳೆಯುತ್ತ ಕುಳಿತ. ಸೋಮವಾರ ಬುಟ್ಟಿಯಲ್ಲಿದ್ದ ಚೆಂಡುಗಳನ್ನೇ ಮಗುಚಿ ತೀಡುತ್ತ ಬೆಳಗಿನಿಂದ ಬೈಗಿನವರೆಗೆ ತಿರುಗಣಿ ನಿಲ್ಲಿಸಲಿಲ್ಲ. ಡಾರ್ಕಸ್ ಸಂತೆಯಿಂದ ಬೇಗ ಬಂದು, ಒಂದೊಂದು ಚೆಂಡನ್ನೂ ಹಲಗೆಯ ತೂತಿನಲ್ಲಿ ಆರು ಕಡೆಯಿಂದ ತೂರಿಸಿ, ಬಣ್ಣ ಬಳಿದಳು. ಎಪ್ಪತ್ತೆರಡೂ ಆದವು.

ಮಂಗಳವಾರ ಮಧ್ಯಾಹ್ನದ ಉಪನ್ಯಾಸಕ್ಕೆ ಸಭಾಂಗಣ ತುಂಬಿತ್ತು. ಮುಂದೆ ಡಾಕ್ಟರುಗಳು, ಗಿರಣಿ ಮಾಲೀಕರು, ಅವರ ಹೆಂಡಂದಿರು. ಹಿಂದೆ ಗೋಡೆಗೆ ಒರಗಿ ಎಫ್ರಾಯಿಮ್, ಡಾರ್ಕಸ್, ಮತ್ತು ಕರೆಯದೆ ಬಂದ ಟಾಂಜ್. ಪೆನ್‌ಕೆತ್‌ರ ದನಿ ಸಣ್ಣದು, ಮಾತು ಒಣ. ಆದರೂ ಕರಿ ಚೆಂಡಿಗೆ ಬಣ್ಣವಿಲ್ಲದ ಚೆಂಡನ್ನು ಕಡ್ಡಿಯಲ್ಲಿ ಸಿಕ್ಕಿಸಿ ಎತ್ತಿ ಹಿಡಿದಾಗ ಜನ ಕತ್ತು ಚಾಚಿದರು. ಒಂದೂವರೆ ಮೊಟ್ಟೆಯ ಮಾತು ಬಂದಾಗ ಸಭೆ ನಕ್ಕಿತು. ಡಾರ್ಕಸ್ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದಳು.

ಆಗ ಡಾಕ್ಟರ್ ಹೆಸ್ಕೆತ್ ಎದ್ದರು. "ಎಲ್ಲವೂ ತದ್ರೂಪು ಅಂತೀರಿ. ದೇವರು ಎರಡು ಎಲೆಯನ್ನೇ ಒಂದೇ ಥರ ಮಾಡಿಲ್ಲ. ನಿಮ್ಮ ಮರಗೆಲಸದವನು ಎರಡು ಚೆಂಡನ್ನಾದ್ರೂ ಮಾಡಿದ್ದಾನೋ?"

ಕೇಳಿದವರೇ ಎರಡು ಚೆಂಡು ಎತ್ತಿಕೊಂಡು, ಉದ್ದ ಮೇಜಿನ ತುದಿಯಿಂದ ಪಕ್ಕಪಕ್ಕದಲ್ಲಿ ಉರುಳಿಸಿದರು. ಎಫ್ರಾಯಿಮ್ ಕಣ್ಣು ಮುಚ್ಚಿದ. ಮೇಜಿನ ಮೇಲೆ ಗುಡುಗುಡು ಸದ್ದು. ಆಮೇಲೆ ಎರಡೂ ಒಟ್ಟಿಗೆ ನೆಲಕ್ಕೆ ಬಿದ್ದ ಒಂದೇ ಟಕ್.

"ಕಣ್ಣು ಬಿಡೋ," ಎಂದಳು ಡಾರ್ಕಸ್. "ಜೋಡೆತ್ತಿನ ಹಂಗೆ ಹೋದವು."

ಡಾಕ್ಟರ್ ಹೆಸ್ಕೆತ್ ಕೆಳಗೆ ಬಗ್ಗಿ ಚೆಂಡುಗಳನ್ನು ಹೆಕ್ಕಿದರು. ಪರಮಾಣುಗಳ ಮೇಲೆ ಅವರಿಗೆ ಅಂದೂ ನಂಬಿಕೆ ಬರಲಿಲ್ಲ. ಕಡೆದವನ ವಿಳಾಸವನ್ನು ಮಾತ್ರ ಕೇಳಿ ಬರೆದುಕೊಂಡರು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಫ್ರಾಯಿಮ್ ಆ ವಾರವೇ ಇನ್ನೊಂದು ಸುತ್ತು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಆದರೆ ಪೆನ್‌ಕೆತ್ ಖುಷಿಯಲ್ಲಿ ಆಟಕ್ಕೂ ಒಂದು ಹೊಸ ಚೆಂಡು ಬೇಕೆಂದರು. ಬುಧವಾರ ಎಫ್ರಾಯಿಮ್ ಹಾಡಿಕೊಂಡು ಕಡೆದ, ಗುರುವಾರ ಹಿತ್ತಲಿನಲ್ಲೇ ಕೈಗಿಟ್ಟ. ಪೆನ್‌ಕೆತ್ ಬಗ್ಗಿ ಉರುಳಿಸಿದರು. ಚೆಂಡು ನೇರ ಹೋಯಿತು. ಬಾಗಬೇಕಾದ ಜಾಗದಲ್ಲೂ ನೇರ ಹೋಯಿತು. ಹುಲ್ಲುಹಾಸು ಮುಗಿದರೂ ನೇರ ಹೋಗಿ ಅಂಚಿನ ಚರಂಡಿಗೆ ಬಿತ್ತು.

ಸೋಮವಾರ ಇಡೀ ದಿನ ಚೆಂಡು ಮಗುಚಿದ ಕೈ ಬುಧವಾರವೂ ಹೇಳದೆ ಕೇಳದೆ ಮಗುಚಿ ಹಾಕಿತ್ತು.

ಟಾಂಜ್ ಓಡಿ ಬಂದ. "ಈಗ? ಈಗೇನಂತೀರಿ ಮೇಷ್ಟ್ರೇ? ವಾಪಸಾ?"

ಎಫ್ರಾಯಿಮ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ವಾಪಸೇ ಮಾಡಿ ಮೇಷ್ಟ್ರೇ. ತಪ್ಪು ನಂದು. ಈ ಸಲ ನಾನೇ ಒಪ್ಕೊಳ್ತೀನಿ."

ಪೆನ್‌ಕೆತ್ ಚರಂಡಿಯಿಂದ ಚೆಂಡನ್ನು ಎತ್ತಿ, ಕೋಟಿನ ತೋಳಿಗೆ ಒರೆಸಿ, ಸುತ್ತ ತಿರುಗಿಸಿ ನೋಡಿದರು. ಅವರು ಸುಳ್ಳು ಹೇಳುವವರಲ್ಲ ಎಂಬುದನ್ನು ಎಲ್ಲರೂ ನೆನಪಿನಲ್ಲಿಟ್ಟುಕೊಂಡೇ ಕಾದರು.

"ವಾಪಸು ಯಾಕೆ ಮಾಡಲಿ? ಮಂಗಳವಾರ ಹಿಂದಿನ ಸಾಲಿನವರು ಏನೂ ಕಾಣಿಸಲಿಲ್ಲ ಅಂತ ಗೊಣಗಿದರು. ನನಗೆ ಒಂದು ದೊಡ್ಡ ಆಮ್ಲಜನಕ ಬೇಕೇ ಬೇಕಾಗಿತ್ತು." ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡರು. "ಆಟಕ್ಕೆ ಬೇರೆ ಮಾಡಿಕೊಡು ಎಫ್ರಾಯಿಮ್. ಬಾಗೋದು."

"ಒಂದೇ ಸಲ ಕಚ್ಚಿಸ್ತೀನಿ," ಎಂದ ಎಫ್ರಾಯಿಮ್, ಟೋಪಿ ತಲೆಗೇರಿಸುತ್ತ.

ಟಾಂಜ್ ಕೆಟ್ಟ ಮುಖ ಮಾಡಿಕೊಂಡು ಬಿಯರ್ ತರಲು ಒಳಗೆ ಹೋದ. ಎಫ್ರಾಯಿಮ್ ಕ್ಲೆಗ್ ಇನ್ನೂ ಹನ್ನೊಂದು ವರ್ಷ ಬದುಕಿದ್ದ. ಅಂಗಡಿಯಿಂದ ಹೋದ ಚೆಂಡು ಯಾವುದೂ ವಾಪಸು ಬಂದಿಲ್ಲ ಎಂದು ಕೊನೆಯವರೆಗೂ ಹೇಳಿಕೊಂಡ. ಡಾರ್ಕಸ್ ಪಕ್ಕದಲ್ಲಿದ್ದಾಗ ಮಾತ್ರ ಸ್ವಲ್ಪ ಮೆಲ್ಲಗೆ ಹೇಳುತ್ತಿದ್ದ.