ಡಬ್ಬಿಯೊಳಗಿನ ಮುಷ್ಕರ

ಚಿಕ್ಕಬಾಣಾವರದ ನಮ್ಮ ವಠಾರದ ಗೋಡೆಗೆ ಬಿಳಿ ಪಂಚೆ ಕಟ್ಟಿ, ಫ್ಯಾಕ್ಟರಿಯವರನ್ನೆಲ್ಲ ಹೆಂಡತಿ ಮಕ್ಕಳ ಸಮೇತ ಕರೆದು ಕೂರಿಸಿ ಮುರಿಗೆಪ್ಪ ಹಾಕಿಸಿದ ಮುಷ್ಕರದ ಸಾಕ್ಷ್ಯಚಿತ್ರದಲ್ಲಿ ಮೊದಲು ಕಂಡದ್ದು ಕೆಂಪು ತ್ರಿಕೋನ. ಆಮೇಲೆ ನಗುವ ಡಾಕ್ಟರಮ್ಮ. ಡಬ್ಬಿ ಅದಲುಬದಲಾಗಿ ಕುಟುಂಬ ಯೋಜನೆಯ ರೀಲು ಬಂದಿತ್ತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಎದ್ದರು. ಐದು ಮಕ್ಕಳ ತಂದೆ ಮುರಿಗೆಪ್ಪ ತಲೆ ತಗ್ಗಿಸಿ ಪಂಚೆ ಬಿಚ್ಚಿದ. ಗೋಡೆಯದು.

ಬಿಜಾಪುರದ ಕಡೆಯವನು, ಯಶವಂತಪುರದ ಫ್ಯಾಕ್ಟರಿಯೊಂದರಲ್ಲಿ ಲೇತ್ ಕೆಲಸ. ಎಂಬತ್ತೆರಡರಲ್ಲಿ ಮುಷ್ಕರ ಶುರುವಾದ ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿ ಸ್ಟೋರ್ಸಿನ ಗೋಣಿಚೀಲಗಳ ಮೇಲೆ ನಿದ್ದೆ ಹೋಗಿದ್ದ. ಎದ್ದಾಗ ಗೇಟಿಗೆ ಸರಪಳಿ, ಕಾಂಪೌಂಡಿನ ಮೇಲೆ ಗಾಜಿನ ಚೂರು. ಹೊರಗೆ ಎಲ್ಲರೂ, ಒಳಗೆ ಮ್ಯಾನೇಜರು ಮತ್ತು ಇವನು. ವಾರದ ಮೇಲೆ ಬೀಗ ತೆಗೆಯುವಷ್ಟರಲ್ಲಿ 'ಮುಷ್ಕರ ಮುರಿದ ಮುರಿಗೆಪ್ಪ' ಎಂದಾಗಿತ್ತು. ಪ್ರಾಸಕ್ಕೆ ಸಿಕ್ಕವನಿಗೆ ಜಾಮೀನಿಲ್ಲ. ಕ್ಯಾಂಟೀನಿನಲ್ಲಿ ಅವನ ಬೆಂಚಿಗೆ ಯಾರೂ ಬರಲಿಲ್ಲ. ಹೆಂಡತಿ ಸಂಗವ್ವನನ್ನು ಅರಿಶಿನ ಕುಂಕುಮಕ್ಕೆ ಯಾರೂ ಕರೆಯಲಿಲ್ಲ.

ಬೊಂಬಾಯಿಯವರು ಯಾರೋ ಆ ದಿನ ಗೇಟಿನ ಮುಂದೆ ಕ್ಯಾಮೆರಾ ತಿರುಗಿಸಿದ್ದರು. "ನಾ ಸರಳ ಹಿಡಕೊಂಡು ಒದರಾಕತ್ತಿದ್ದು ಅದರಾಗ ಐತ್ರೀ," ಎಂದು ಪಕ್ಕದ ಮನೆಯ ನನಗೆ ಎಷ್ಟು ಸಲ ಹೇಳಿದ್ದನೋ. ಆ ರೀಲು ಹುಡುಕಿಕೊಂಡು ಹೋದರೆ ಫಿಲ್ಮ್ ಸೊಸೈಟಿಯವರು ಚರ್ಚಿಗೆ ಕಳಿಸಿದರು, ಚರ್ಚಿನವರು ಯೂನಿಯನ್ ಆಫೀಸಿಗೆ, ಯೂನಿಯನ್‌ನವರು ಬಾಗಿಲಿಗೆ. ಕೊನೆಗೆ ಆರ್.ಟಿ. ನಗರದಲ್ಲಿ ಪ್ರೊಜೆಕ್ಟರ್ ಬಾಡಿಗೆಗೆ ಕೊಡುವ ಖಾದರ್ ಬಾಷಾ ಸಿಕ್ಕ. ತ್ರಿಕೋನದ ಡಬ್ಬಿ ಕೊಟ್ಟವನೂ ಅವನೇ; ಮಾರನೆಯ ದಿನ ಹೋಗಿ ಕೇಳಿದರೆ ಹಲ್ಲು ಕಿರಿದ.

"ಗಲತಿ ಆಗೋಯ್ತು ಮುರಿಗೆಪ್ಪಣ್ಣ. ನಿಮ್ದು ಸ್ಟ್ರೈಕು ಸೋಲದೇವನಹಳ್ಳಿ ಆಸ್ಪತ್ರೆಗೆ ಹೋಗ್ಬಿಟ್ಟೈತೆ."

ಸೋತ ಮುಷ್ಕರ ಸೋಲದೇವನಹಳ್ಳಿಯಿಂದ ಮರಳಿತು. ಮುಂದಿನ ಭಾನುವಾರ ಮತ್ತೆ ಅದೇ ಪಂಚೆ. ಈ ಸಲ ಜನ ಹೆಚ್ಚೇ ಬಂದಿದ್ದರು. ಡಾಕ್ಟರಮ್ಮನ ಆಸೆಯೂ ಇದ್ದಿರಬೇಕು. ರೀಲು ಓಡಿತು, ಧ್ವನಿ ಓಡಲಿಲ್ಲ. ಗೇಟು ಬಂತು. ಸರಳುಗಳ ಹಿಂದೆ ಮುರಿಗೆಪ್ಪ ಕೈ ಹೊರಗೆ ಚಾಚಿ, ಬಾಯಿ ಅಗಲಿಸಿ ಏನೋ ಕೂಗುತ್ತಿದ್ದ. ಸಂಗವ್ವ ಕಣ್ಣೊರೆಸಿಕೊಂಡಳು. ಯೂನಿಯನ್ ಕಾರ್ಯದರ್ಶಿ ರಾಮಕೃಷ್ಣಪ್ಪ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ತಪ್ಪು ತಿಳ್ಕೊಂಡಿದ್ವಿ ಕಣಯ್ಯ. ಗೇಟ್ ತೆಗೀರಿ, ನಾನೂ ಬರ್ತೀನಿ ಅಂತ ತಾನೇ ಕೂಗ್ತಿದ್ದಿದ್ದು?"

ಹೌದು ಎಂದರೆ ಸಾಕಿತ್ತು. ವಠಾರವೆಲ್ಲ ಅದಕ್ಕೇ ಕಾದಿತ್ತು. ಮುರಿಗೆಪ್ಪ ಪಂಚೆಯ ಮೂಲೆಯಲ್ಲಿ, ಗೇಟಿನಾಚೆ ಒರಗಿಸಿಟ್ಟಿದ್ದ ತನ್ನ ಸೈಕಲ್ಲನ್ನೇ ನೋಡುತ್ತಿದ್ದ.

"ಅಲ್ರೀ," ಎಂದ. "ಸೈಕಲ್ ಬಿಸಲಾಗ ನಿಂತಿತ್ತು. ನೆಳ್ಳಿಗೆ ಹಚ್ರೋ ಅಂತ ಒದರಾಕತ್ತಿದ್ದೆ."